ಲಾಜಿನ ಗೌಂಡಿ

ಕಾರವಾರದಿಂದ ಫೋನು ಬಂದಾಗ ನಾನು ಮೊರ ಹಿಡಿದು ಹುರುಳಿ ಆರಿಸುತ್ತಿದ್ದೆ. "ಅಕ್ಕೋರೇ, ನಮ್ಮ ಲಾಜಿನ ಇತಿಹಾಸ ಬರ್ದು ಕೊಡ್ಬೇಕು ನೀವು" ಎಂದಿತು ಆಚೆಯ ದನಿ. ನಮ್ಮ ಕಡೆ ಹೆಣ್ಣು ಮಾಸ್ತರಿಗೆ ಅಕ್ಕೋರು ಅನ್ನುತ್ತಾರೆ. ನಿವೃತ್ತಿಯಾಗಿ ಆರು ವರ್ಷವಾದರೂ ಆ ಹೆಸರು ನನ್ನನ್ನು ಬಿಟ್ಟಿಲ್ಲ. ಲಾಜಿಗೆ ಎಂಥ ಇತಿಹಾಸ ಮಾರಾಯ್ರೆ, ಬಂದವರ ಹೆಸರು, ಬಿಟ್ಟುಹೋದ ಹೊತ್ತು ಎಲ್ಲ ರಿಜಿಸ್ಟರಿನಲ್ಲೇ ಇರುತ್ತದಲ್ಲ, ಅದನ್ನೇ ಅಚ್ಚು ಹಾಕಿಸಿ ಎಂದೆ. ಅವರು ನಕ್ಕರು. ನಗು ಕೇಳಿದ ಮೇಲೆ ಯಾರೆಂದು ಗೊತ್ತಾಯಿತು. ಹಿಂದೊಮ್ಮೆ ನನ್ನ ದವಡೆಹಲ್ಲು ಕಿತ್ತ ಡಾಕ್ಟರು ಅವರು, ಕೀಳುವಾಗಲೂ ಹೀಗೇ ನಗುತ್ತಿದ್ದರು. "ಆ ಲಾಜಲ್ಲ ಅಕ್ಕೋರೇ. ಗಾಳಿಮರದ ಹತ್ರ ಇರೂದು. ಜನ ತೆಲೆಬಂಗ್ಲೆ ಅಂತ್ರಲ್ಲ, ಅದು." ನಾನು ಮೊರವನ್ನು ಕೆಳಗಿಟ್ಟೆ.

ತಲೆಬಂಗಲೆಯ ಕತೆ ಗೊತ್ತಿಲ್ಲದವರಿಗೆ ಎರಡು ಮಾತು. ಬಿಳಿಯ ಸಾಹೇಬರ ಕಾಲದಲ್ಲಿ, ಕಾರವಾರದ ಕಡಲಿಗೆ ಬೆನ್ನು ಹಾಕಿ, ಕಿಟಕಿ ಕಡಿಮೆ ಇರುವ ಒಂದು ಬಂಗಲೆ ಕಟ್ಟಿದರು. ಫ್ರೀ ಮೇಸನ್ ಎಂಬ ಒಂದು ಬಳಗದವರು, ತಮ್ಮ ಸಭೆಯ ಮನೆಗೆ ಲಾಜು ಅನ್ನುವವರು, ಅಲ್ಲಿ ತಿಂಗಳಿಗೊಮ್ಮೆ ಸೇರುವರು, ಬಾಗಿಲು ಹಾಕಿಕೊಂಡು ಏನೋ ಮಾಡುವರು, ಊಟ ಮಾಡಿ ಮನೆಗೆ ಹೋಗುವರು. ಸಾಹೇಬರು ಹೋದ ಮೇಲೆ ನಮ್ಮ ವಕೀಲರು, ಡಾಕ್ಟರರು, ಬಂದರಿನ ಅಧಿಕಾರಿಗಳು ಅದನ್ನು ಮುಂದುವರಿಸಿದರು. ಬಾಗಿಲು ಹಾಕಿದ ಮನೆಯೊಳಗೆ ಏನು ನಡೆಯುತ್ತದೆಂದು ಹೊರಗಿದ್ದವರಿಗೆ ಯಾವಾಗಲೂ ಚೆನ್ನಾಗಿ ಗೊತ್ತಿರುತ್ತದೆ. ಅಲ್ಲಿ ತಲೆ ಕಡಿಯುತ್ತಾರೆ ಎಂದು ನಮ್ಮ ಇಡೀ ಸೀಮೆಗೆ ಗೊತ್ತಿತ್ತು. ಸದಸ್ಯನಾಗುವವನು ತನ್ನ ಮನೆಯ ಒಂದು ತಲೆ ಕೊಡಬೇಕು, ಒಳಗಿನ ಮಾತು ಹೊರಗೆ ಆಡಿದರೆ ತನ್ನದೇ ತಲೆ. ಮಾಜಾಳಿಯಿಂದ ಮೀನು ತರುತ್ತಿದ್ದ ಹೆಂಗಸೊಬ್ಬಳು ಆ ಗೇಟಿನ ಮುಂದೆ ಬುಟ್ಟಿ ಇಳಿಸುತ್ತಲೇ ಇರಲಿಲ್ಲವಂತೆ.

ಈಗ ಉಳಿದಿರುವ ಸದಸ್ಯರು ನಾಲ್ಕೇ ಜನ. ಬಂಗಲೆಯ ಜಾಗ ಮಾರಾಟವಾಗಿದೆ, ಅಲ್ಲಿ ಪ್ರವಾಸಿಗರಿಗಾಗಿ ಮೂರಂತಸ್ತಿನ ವಸತಿಗೃಹ ಬರುತ್ತದೆ. ಲಾಜು ಒಡೆದು ಲಾಜು ಕಟ್ಟುತ್ತಾರೆ. ಒಡೆಯುವ ಮೊದಲು ಒಂದು ಸಣ್ಣ ಪುಸ್ತಕ ಬರಲಿ, ಜನರ ಬಾಯಲ್ಲಿ ತಲೆ ಕಡಿಯುವವರಾಗಿಯೇ ಉಳಿಯುವುದು ಬೇಡ ಎಂದು ಡಾಕ್ಟರ ಆಸೆ. "ನಿಮ್ಮ ತಂದೆಯವ್ರೂ ಅಲ್ಲಿ ಕೆಲ್ಸ ಮಾಡಿದ್ರಂತಲ್ಲ" ಎಂದರು ಕೊನೆಗೆ.

ಹೌದು, ಮಾಡಿದ್ದರು. ನನ್ನ ಅಪ್ಪ ಬೊಮ್ಮಯ್ಯ ಗೌಂಡಿ, ಅಂದರೆ ಗೋಡೆ ಕಟ್ಟುವವನು. ಅಂಕೋಲೆಯ ಆಚೆ ಬಾಳೆಗುಳಿಯಲ್ಲಿ ನಮ್ಮ ಮನೆ. ತುಂಡು ಗದ್ದೆ, ಉಳಿದಂತೆ ಅಪ್ಪನ ಕರಣೆ, ತೂಗುಗುಂಡು, ಮೂಲೆಮಟ್ಟ. ಮೂಲೆಮಟ್ಟ ಅಂದರೆ ಗೋಡೆಯ ಮೂಲೆ ನೇರ ಇದೆಯೋ ಇಲ್ಲವೋ ನೋಡುವ ಕಟ್ಟಿಗೆಯ ಸಾಧನ. ಅದು ಈಗಲೂ ನನ್ನ ಅಡುಗೆಮನೆಯ ಮೊಳೆಗೆ ತೂಗಾಡುತ್ತಿದೆ. ಒಮ್ಮೆ ಸಿಮೆಂಟು ತರಲು ಕಾರವಾರಕ್ಕೆ ಹೋದ ಅಪ್ಪ ಆ ಬಂಗಲೆಯ ಗೇಟಿನ ಮೇಲೆ ತನ್ನದೇ ಮೂಲೆಮಟ್ಟವನ್ನು, ಮೇಲೊಂದು ಕೈವಾರವನ್ನು ಕಬ್ಬಿಣದಲ್ಲಿ ಮಾಡಿ ಕೂಡಿಸಿದ್ದು ನೋಡಿದ. ದಾರಿಯಲ್ಲಿದ್ದ ಕಾಲೇಜು ಹುಡುಗನೊಬ್ಬನನ್ನು ಬೋರ್ಡಿನಲ್ಲಿ ಏನಿದೆ ಎಂದು ಕೇಳಿದ. ಇಂಗ್ಲಿಷಿನಲ್ಲಿ ಮೇಸನ್ ಅಂದರೆ ಗೌಂಡಿಯೇ, ಹುಡುಗ ಓದಿ, "ಗೌಂಡಿಗಳ ಸಂಘ, ಫ್ರೀ ಅಂತೆ" ಎಂದ. ಅಪ್ಪ ಚಪ್ಪಲಿ ಬಿಟ್ಟು ಒಳಗೆ ಹೋದ.

ಒಳಗೆ ಸೆಕ್ರೆಟರಿ ವಕೀಲರು ಕೂತಿದ್ದರು. ಕೋಟು ಹಾಕಿದ ಗೌಂಡಿಯನ್ನು ಅಪ್ಪ ಅದೇ ಮೊದಲು ನೋಡಿದ್ದು. ಕೈ ಮುಗಿದು, "ನಾನೂ ಗೌಂಡಿಯೆ, ನನ್ನ ಹೆಸ್ರೂ ಸಂಘದಲ್ಲಿ ಬರ್ಕಳಿ. ಪುಕ್ಕಟೆ ಕೆಲ್ಸ ಮಾತ್ರ ನಂಗೆ ಪೂರೈಸೂದಿಲ್ಲ" ಎಂದನಂತೆ. ವಕೀಲರು ನಗಲಿಲ್ಲ. ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ, ಚಹಾ ತರಿಸಿ, ನಮ್ಮಲ್ಲಿ ಯಾರಿಗೂ ಗೋಡೆ ಕಟ್ಟಲು ಬರುವುದಿಲ್ಲ, ಹಿಂದಿನ ಗೋಡೆ ವಾಲಿದೆ, ನೀನೇ ಸರಿ ಮಾಡಿಕೊಡು ಎಂದರು. ಈ ಕತೆಯನ್ನು ಅಪ್ಪ ಮನೆಗೆ ಬಂದು ತಾನೇ ಹೇಳಿ ತನ್ನನ್ನೇ ನಗಾಡಿಕೊಂಡ. ಆಯಿ, ಅಂದರೆ ನನ್ನ ಅಮ್ಮ, ಒಲೆಯ ಮುಂದೆ ಕೂತು ಕಣ್ಣೀರು ಬರುವಷ್ಟು ನಕ್ಕಳು. ಆಯಿ ಅಪ್ಪನ ಮುಖ ನೋಡಿ ನಕ್ಕದ್ದರಲ್ಲಿ ನನಗೆ ನೆನಪಿರುವ ಕೊನೆಯದು ಅದು.

ಆ ಮಳೆಗಾಲ ಅಪ್ಪ ಸೋಮವಾರ ಹೋದರೆ ಶನಿವಾರ ಬರುತ್ತಿದ್ದ, ಬಂಗಲೆಯ ಜಗುಲಿಯಲ್ಲೇ ಮಲಗುತ್ತಿದ್ದ. ಊರಲ್ಲಿ ಅವನಿಗೆ ಲಾಜಿನ ಗೌಂಡಿ ಎಂಬ ಹೆಸರು ಬಿತ್ತು. ನಮ್ಮ ಪಕ್ಕದ ಮನೆಯ ಕೊಂಕಣಿ ಮಾತಾಡುವ ಮುದುಕಿಗೆ ಅದರಿಂದ ಬಹಳ ಅನುಕೂಲವಾಯಿತು. ಅವರ ಭಾಷೆಯಲ್ಲಿ ಲಜ ಅಂದರೆ ನಾಚಿಕೆ. "ಲಾಜಾಕ ವತಾ, ಲಜ ನಾ ತಾಕಾ" ಅನ್ನುತ್ತಿದ್ದಳು, ಲಾಜಿಗೆ ಹೋಗುತ್ತಾನೆ, ನಾಚಿಕೆ ಇಲ್ಲ ಅವನಿಗೆ ಎಂದು. ಮೊದಮೊದಲು ಅದು ತಮಾಷೆಯೇ ಆಗಿತ್ತು.

ಆಷಾಢದ ಒಂದು ಬುಧವಾರ ನನ್ನ ತಮ್ಮ ಗಣು ಸತ್ತುಹೋದ. ಅವನಿಗೆ ನಾಲ್ಕು ವರ್ಷ, ನನಗೆ ಒಂಬತ್ತು. ಮನೆಯ ಹಿಂದೆ ಚಿರೆಕಲ್ಲು ಕಡಿದ ಹೊಂಡವೊಂದಿತ್ತು. ಮಳೆಗೆ ತುಂಬಿ, ಮೇಲೆ ಪಾಚಿ ಕಟ್ಟಿ, ನೋಡಿದರೆ ಅಂಗಳವೇ ಮುಂದುವರಿದ ಹಾಗೆ ಕಾಣುತ್ತಿತ್ತು. ಆಯಿ ಗದ್ದೆಯಲ್ಲಿ ಸಸಿ ನೆಡಲು, ನೆಟ್ಟಿಗೆ ಹೋಗಿದ್ದಳು. ಅವನು ಬಿದ್ದಾಗ ಹತ್ತಿರ ದೊಡ್ಡವರು ಯಾರೂ ಇರಲಿಲ್ಲ. ಮಧ್ಯಾಹ್ನ ಗದ್ದೆಯಿಂದ ಬಂದವರು ಎತ್ತಿದರು. ಕಾರವಾರಕ್ಕೆ ಹೇಳಿಕಳಿಸಿ ಅಪ್ಪ ಬರುವಷ್ಟರಲ್ಲಿ ಸಂಜೆಯಾಗಿತ್ತು.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಸರಿಯುತ್ತೇನೆ, ಈ ಜಾಗದಲ್ಲಿ ನಿಲ್ಲುವುದು ನನಗೆ ಅಭ್ಯಾಸವಿಲ್ಲ. ನನ್ನ ಓದಿನ ಚಟದ ಬಗ್ಗೆ ಹೇಳಬೇಕು. ನಮ್ಮ ಮನೆಯಲ್ಲಿ ಪುಸ್ತಕವೆಂಬುದು ಇರಲಿಲ್ಲ. ಅಂಗಡಿಯಿಂದ ಸಾಮಾನು ಕಟ್ಟಿ ತಂದ ಕಾಗದವೇ ನನ್ನ ಗ್ರಂಥಾಲಯ. ಬೆಲ್ಲ ಕಟ್ಟಿದ ಕಾಗದವನ್ನು ನೆಕ್ಕುತ್ತ ಓದಿದ್ದೇನೆ. ಕತೆಯ ಮೊದಲ ಪುಟ ಬೆಲ್ಲದಲ್ಲಿ ಬಂದರೆ ಎರಡನೆಯದು ಯಾರ ಮನೆಯ ಕೊತ್ತಂಬರಿಯಲ್ಲಿ ಹೋಯಿತೋ ಎಂದು ಕೊರಗಿದ್ದೇನೆ. ಕರೆದರೆ ಕೇಳುವುದಿಲ್ಲ, ಹೊಡೆದರೆ ಏಳುವುದಿಲ್ಲ, ಹಾಗಿತ್ತು ನನ್ನ ಓದು. "ಇದ್ಕೆ ಕಾಗ್ದ ಸಿಕ್ರೆ ಮನೆಗೆ ಬೆಂಕಿ ಬಿದ್ರೂ ಗೊತ್ತಾಗೂದಿಲ್ಲ" ಎಂದು ಆಯಿ ಬೈಯುತ್ತಿದ್ದಳು. ಮುಂದೆ ಶಾಲೆಯ ಬೀಳ್ಕೊಡುಗೆಯಲ್ಲಿ ಇದನ್ನೇ ಹೇಳಿ ಚಪ್ಪಾಳೆ ಗಿಟ್ಟಿಸಿದೆ. ಎಲ್ಲರೂ ನಕ್ಕರು.

ಗಣುವನ್ನು ಮಣ್ಣು ಮಾಡಿದ ಮಾರನೇ ದಿನವೇ ಊರಿಗೆ ಸತ್ಯ ಗೊತ್ತಾಗಿಬಿಟ್ಟಿತು. ಲಾಜಿನ ಗೋಡೆ ತಲೆ ಕೇಳಿತ್ತು, ಗೌಂಡಿ ಮಗನನ್ನು ಕೊಟ್ಟ. ಆಯಿ ಮೊದಲಿಗೆ ನಂಬಲಿಲ್ಲ. ಹತ್ತು ದಿನ ಬಿಟ್ಟು ಅಪ್ಪ ಕಾರವಾರಕ್ಕೆ ಹೋಗಿ ತನ್ನ ಸಾಮಾನು ತಂದ. ಒಗೆಯಲು ಬಟ್ಟೆ ತೆಗೆಯುವಾಗ ಆಯಿಯ ಕೈಗೆ ಚೀಲದ ತಳದಲ್ಲಿ ಒಂದು ಬಿಳಿಯ ಚರ್ಮ ಸಿಕ್ಕಿತು. ಅಂಗೈ ಎರಡರಷ್ಟು ಅಗಲ, ಕುರಿಮರಿಯ ಮೆತ್ತನೆಯ ಚರ್ಮ, ಸುತ್ತ ನೀಲಿ ಅಂಚು, ಸೊಂಟಕ್ಕೆ ಕಟ್ಟಿಕೊಳ್ಳಲು ರಿಬ್ಬನ್ನು. ಆ ಬಂಗಲೆಯವರು ಒಳಗೆ ಕಟ್ಟಿಕೊಳ್ಳುವ ವಸ್ತು ಅದೆಂದು ಊರಲ್ಲಿ ಮಕ್ಕಳಿಗೂ ಗೊತ್ತಿತ್ತು. ನಾನು ಬಾಗಿಲ ಹಿಂದೆ ನಿಂತಿದ್ದೆ.

"ಇದೆಂತದು?" ಎಂದಳು ಆಯಿ.

ಅಪ್ಪ ಚೀಲದ ಬಾಯಿ ಕಟ್ಟತೊಡಗಿದ.

"ಯಾರು ಕೊಟ್ರು? ಎಂತಕೆ ಕೊಟ್ರು? ಹೇಳೂಕೆ ಬಾಯಿಲ್ವಾ ನಿಮ್ಗೆ?"

"ಹೇಳೂ ಹಾಂಗಿಲ್ಲ" ಎಂದ ಅಪ್ಪ. "ಮಾತು ಕೊಟ್ಟಾಗದೆ."

ಅಷ್ಟೇ. ಮಾತು ಕೊಟ್ಟಾಗಿದೆ ಎಂದ ಮೇಲೆ ಆಯಿ ಮತ್ತೆ ಕೇಳಲಿಲ್ಲ. ಆ ಚರ್ಮವನ್ನು ಒಲೆಗೆ ಹಾಕಿದಳು. ಅಂದಿನಿಂದ ಅಪ್ಪನ ಜೊತೆ ಮಾತೂ ಆಡಲಿಲ್ಲ. ಜಗಳವಿಲ್ಲ, ಅಳುವಿಲ್ಲ, ತವರಿಗೆ ಹೋದದ್ದಿಲ್ಲ. ಅಡುಗೆ ಮಾಡಿದಳು, ಬಟ್ಟೆ ಒಗೆದಳು, ಜ್ವರ ಬಂದರೆ ಕಷಾಯ ಕಾಸಿದಳು. ಮಾತು ಮಾತ್ರ ನನ್ನ ಮೂಲಕ. "ತಂಗಿ, ನಿನ್ನಪ್ಪಂಗೆ ಹೇಳು, ಬಡಿಸಿ ಆಗದೆ." ಅಪ್ಪ ಅಲ್ಲೇ, ಕೈಗೆ ಎಟುಕುವಷ್ಟು ದೂರದಲ್ಲಿ ಮಣೆಯ ಮೇಲೆ ಕೂತಿರುತ್ತಿದ್ದ. ನಾನು ಹೇಳಬೇಕು. "ಅಪ್ಪ, ಬಡಿಸಿ ಆಗದೆ ಅಂತೆ." ಅವನು ನನಗೆ ಹೇಳುವನು, "ಆಯಿಗೆ ಹೇಳು, ಸಾರಿಗೆ ಉಪ್ಪು ಕಮ್ಮಿ ಆಗದೆ." ಮೊದಮೊದಲು ನನಗೆ ಅದೊಂದು ಆಟವಾಗಿತ್ತು, ನಾಚಿಕೆಯಿಂದ ಹೇಳುತ್ತೇನೆ, ನನ್ನನ್ನು ಮನೆಯ ದೊಡ್ಡ ಅಧಿಕಾರಿಯೆಂದುಕೊಂಡಿದ್ದೆ. ಮದುವೆಯಾಗಿ ಅಂಕೋಲೆ ಪೇಟೆಗೆ ಬಂದ ಮೇಲೆ ಅವರ ಮಧ್ಯೆ ಯಾರಿದ್ದರೋ ಗೊತ್ತಿಲ್ಲ. ಒಮ್ಮೆ ನಾನು ಸುದ್ದಿ ಕೊಡದೆ ಹೋದಾಗ ಆಯಿ ಬೆಕ್ಕಿನ ಹತ್ತಿರ ಹೇಳುತ್ತಿದ್ದಳು, ಅಪ್ಪ ಕೇಳಿಸಿಕೊಂಡು ನೀರು ಸೇದಲು ಹೋಗುತ್ತಿದ್ದ.

ಊರಲ್ಲಿ ಅಪ್ಪನಿಗೆ ಕೆಲಸ ತಪ್ಪಿತು. ಪಾಯದ ಕಲ್ಲು ಅವನ ಕೈಯಿಂದ ಬೇಡ ಎಂದರು. ಸಂಡಾಸು ಕಟ್ಟಲು, ಗೊಬ್ಬರಗುಂಡಿಯ ಗೋಡೆಗೆ ಕರೆಯುತ್ತಿದ್ದರು. ಆಮೇಲೆ ಅಪ್ಪ ಯಲ್ಲಾಪುರದ ದಾರಿಯಲ್ಲಿ ರಾಮನಗುಳಿಯ ಕಡೆ ಹೋಗತೊಡಗಿದ, ಅಲ್ಲಿಗೆ ಲಾಜಿನ ಸುದ್ದಿ ಮುಟ್ಟಿರಲಿಲ್ಲ. ಅಲ್ಲಿ ಅವನು ಕಟ್ಟಿದ ಮನೆಗಳ ಮೂಲೆ ಇವತ್ತಿಗೂ ಒಂದು ಕೂದಲೆಳೆ ಆಚೀಚೆ ಇಲ್ಲ. ಹನ್ನೊಂದು ವರ್ಷದ ಹಿಂದೆ, ಅಂಕೋಲೆಯ ನನ್ನ ಮನೆಯಲ್ಲೇ ಅಪ್ಪ ಹೋದ. ಕೊನೆಯ ದಿನ ಆಯಿ ಬಾಯಿಗೆ ನೀರು ಬಿಡಲು ಚಮಚೆ ಹಿಡಿದು ಕೂತವಳು, ತಿರುಗಿ ನನ್ನನ್ನೇ ಕರೆದಳು. "ನಿನ್ನಪ್ಪಂಗೆ ಹೇಳು, ಬಾಯಿ ತೆಗೂಕೆ." ನಾನು ಹೇಳಿದೆ. ಅಪ್ಪ ಬಾಯಿ ತೆರೆದ. ನಲವತ್ತಾರು ವರ್ಷ ಹಾಗೆ ಕಳೆಯಿತು.

ಆದ್ದರಿಂದ ದಂತವೈದ್ಯರ ಕೆಲಸವನ್ನು ನಾನು ಒಪ್ಪಿಕೊಂಡೆ. ಲಾಜಿನ ಮೇಲಿನ ಪ್ರೀತಿಯಿಂದಲ್ಲ. ಆಯಿಗೀಗ ಎಂಬತ್ತಾರು. ನೋಡಿಕೊಳ್ಳಲು ಹಗಲು ಹೊತ್ತು ಮಾದೇವಿ ಎಂಬ ಹೆಂಗಸು ಬರುತ್ತಾಳೆ. ಆಯಿ ಕಣ್ಣು ಮುಚ್ಚುವ ಮೊದಲು ಅಪ್ಪ ತಲೆ ಕೊಟ್ಟವನಲ್ಲ ಎಂದು ಅವಳಿಗೆ ತೋರಿಸಬೇಕು, ಬರಹದಲ್ಲಿ ತೋರಿಸಬೇಕು ಎಂಬ ಹಟ ಹತ್ತಿತು. ನಾನು ಕನ್ನಡ ಕಲಿಸಿದವಳು, ಬರೆದದ್ದೆಲ್ಲ ಸತ್ಯವೆಂದು ನಂಬುವ ಜಾತಿ.

ಬಂಗಲೆಯ ಒಳಗೆ ಕಾಲಿಟ್ಟಾಗ ಈ ವಯಸ್ಸಿನಲ್ಲೂ ನನ್ನ ಕೈ ಕುತ್ತಿಗೆಗೆ ಹೋಯಿತು. ಒಳಗೆ ಕಂಡದ್ದು ಕಪ್ಪು ಬಿಳುಪು ಚೌಕದ ನೆಲ, ಗೆದ್ದಲು ಹಿಡಿದ ಕುರ್ಚಿಗಳು, ಬಾವಲಿಯ ಹಿಕ್ಕೆ. ಹಿಂದಿನ ಗೋಡೆಯ ಹತ್ತಿರ ಹೋಗಿ, ಚೀಲದಲ್ಲಿ ತಂದಿದ್ದ ಅಪ್ಪನ ಮೂಲೆಮಟ್ಟವನ್ನು ಮೂಲೆಗೆ ಹಿಡಿದೆ. ಸರಿಯಾಗಿ ಕೂತಿತು. ಡಾಕ್ಟರು ಬೀರುವಿನಿಂದ ನಡಾವಳಿ ಪುಸ್ತಕಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಎಲ್ಲ ಇಂಗ್ಲಿಷು, ವಕೀಲರ ಓರೆ ಅಕ್ಷರ. ನನಗೆ ಬೇಕಾದ ವರ್ಷ ಹುಡುಕಲು ಮೂರು ದಿನ ಹಿಡಿಯಿತು.

ಎರಡು ಕಡೆ ಅಪ್ಪ ಸಿಕ್ಕಿದ. ಎರಡನೆಯದನ್ನು ಮೊದಲು ಹೇಳುತ್ತೇನೆ. ನಮ್ಮ ಗೋಡೆ ಕಟ್ಟಿದ ಗೌಂಡಿಯ ಮಗು ನೀರಿಗೆ ಬಿದ್ದು ತೀರಿಕೊಂಡಿದೆ, ನಮ್ಮವರು ಸತ್ತರೆ ಅವರ ಜೊತೆ ಸೊಂಟಕ್ಕೆ ಕಟ್ಟುವ ಬಿಳಿಯ ಚರ್ಮ ಇಡುವ ಪದ್ಧತಿಯಿದೆ, ಹಾಗೆಯೇ ಈ ಮಗುವಿಗೂ ಒಂದನ್ನು ಕೊಡೋಣ ಎಂದು ಸೆಕ್ರೆಟರಿ ಸೂಚಿಸಿದ್ದರು. ಅವನು ನಮ್ಮ ಸದಸ್ಯನಲ್ಲವಲ್ಲ ಎಂದು ಒಬ್ಬರು ಆಕ್ಷೇಪ ಎತ್ತಿದ್ದರು. ನಮ್ಮಲ್ಲಿ ನಿಜವಾದ ಗೌಂಡಿ ಅವನೊಬ್ಬನೇ ಎಂದು ಸೆಕ್ರೆಟರಿ ಉತ್ತರ ಕೊಟ್ಟಿದ್ದರು. ಒಪ್ಪಿಗೆಯಾಗಿತ್ತು. ತಡವಾಗಿ ಬಂದ ದಯೆ ಅದು, ಅಷ್ಟರಲ್ಲಿ ಗಣು ಮಣ್ಣಿನೊಳಗಿದ್ದ. ನಾನು ಅಲ್ಲೇ ಅತ್ತೆ. ಡಾಕ್ಟರು ಪಾಪ, ಹಲ್ಲುನೋವಿಗಲ್ಲದೆ ಅಳುವವರನ್ನು ನೋಡಿ ಗೊತ್ತಿಲ್ಲದೆ ಹೊರಗೆ ಹೋಗಿ ನಿಂತರು. ನನ್ನ ಸಾಕ್ಷಿ ಸಿಕ್ಕಿತ್ತು, ಪುಸ್ತಕ ಮುಚ್ಚಬಹುದಿತ್ತು. ಓದಿನ ಚಟದವಳಲ್ಲವೇ, ಹಿಂದಿನ ಪುಟಗಳನ್ನೂ ತಿರುವಿದೆ.

ಅಲ್ಲಿ, ಗೋಡೆ ಕೆಲಸ ಶುರುವಾದ ವಾರ, ನಾಲ್ಕು ಸಾಲಿತ್ತು. ಗೌಂಡಿಯು ತಾನೂ ಏನಾದರೂ ಆಣೆ ಮಾಡಬೇಕೋ ಎಂದು ವಿಚಾರಿಸಿದ. ಬೇಡ, ನೀನು ಇಲ್ಲಿ ನೋಡಿದ್ದನ್ನು ಯಾರಿಗೆ ಬೇಕಾದರೂ ಹೇಳಬಹುದು, ಹೇಳಿದರೆ ನಮಗೇ ಉಪಕಾರ ಎಂದು ತಿಳಿಸಲಾಯಿತು. ಎಲ್ಲರೂ ನಕ್ಕರು ಎಂದೂ ಬರೆದಿತ್ತು.

ಅಪ್ಪ ಲಾಜಿಗೆ ಮಾತು ಕೊಟ್ಟಿರಲೇ ಇಲ್ಲ.

ಆ ಸಾಲನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಮಾತು ಕೊಟ್ಟಾಗದೆ ಎಂದಿದ್ದನಲ್ಲ. ನನ್ನ ಕಿವಿಯಿಂದ ಕೇಳಿದ್ದೇನೆ. ಯಾರಿಗೆ ಕೊಟ್ಟಿದ್ದ ಹಾಗಾದರೆ?

ಇನ್ನು ಪಕ್ಕಕ್ಕೆ ಸರಿಯಲು ಜಾಗವಿಲ್ಲ. ಆ ಬುಧವಾರ ಆಯಿ ನೆಟ್ಟಿಗೆ ಹೋಗುವಾಗ, "ತಂಗಿ, ತಮ್ಮನ್ನ ನೋಡ್ಕ, ಹೊಂಡದ ಬದಿಗೆ ಬಿಡ್ಬೇಡ" ಎಂದು ಹೇಳಿ ಹೋಗಿದ್ದಳು. ಮಳೆ ಬಿಟ್ಟು ಹೊಳವಾಗಿತ್ತು. ನಾನು ಗಣುವನ್ನು ಕರೆದುಕೊಂಡು ಹಿತ್ತಲಿಗೆ ಹೋದೆ. ಒಣಶೆಟ್ಲಿ, ಅಂದರೆ ಒಣಸಿಗಡಿ, ಕಟ್ಟಿ ತಂದ ಕಾಗದವೊಂದು ನನ್ನ ಕೈಯಲ್ಲಿತ್ತು, ಅದರಲ್ಲಿ ಅರ್ಧ ಕತೆಯಿತ್ತು. ಹೊಂಡದ ಪಕ್ಕದ ಕಲ್ಲಿನ ಮೇಲೆ ಕೂತು ಓದಿದೆ. ಗಣು ಏನೋ ಕರೆದ, ಹೂಂ ಅಂದೆ. ಕಾಗದ ಮುಗಿದು ತಲೆ ಎತ್ತಿದಾಗ ಅವನಿರಲಿಲ್ಲ. ಆಡಲು ಹೋಗಿರಬೇಕೆಂದು ಮನೆಗೆ ಬಂದೆ. ಅವನನ್ನು ಎತ್ತಿದಾಗ ಅತ್ತೆ, ಎಲ್ಲರೂ ಅಳುತ್ತಿದ್ದರು, ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಕೇಳಿದವನು ಅಪ್ಪ ಒಬ್ಬನೇ. ಸಂಜೆ ಬಂದವನು ಹೊಂಡದ ಹತ್ತಿರ ಹೋಗಿ ನಿಂತ. ತಿರುಗಿ ಬಂದಾಗ ಅವನ ಮುಷ್ಟಿಯಲ್ಲಿ ನೆನೆದ ಕಾಗದವಿತ್ತು, ಶೆಟ್ಲಿಯ ವಾಸನೆ ಬರುತ್ತಿತ್ತು. ಕೊಟ್ಟಿಗೆಯಲ್ಲಿ ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತ. "ಅಲ್ಲಿ ಕೂತಿದ್ಯಾ?" ಎಂದ. ಹೌದೆಂದು ತಲೆಯಾಡಿಸಿದೆ. "ಯಾರಿಗೂ ಹೇಳ್ಬೇಡ. ನಾನೂ ಹೇಳೂದಿಲ್ಲ. ಮಾತು ಕೊಡು" ಎಂದು ಅಂಗೈ ಚಾಚಿದ. ಸುಣ್ಣ, ಸಿಮೆಂಟಿಗೆ ಒಡೆದ ಕೈ. ನಾನು ಅದರ ಮೇಲೆ ಕೈಯಿಟ್ಟೆ. ಅದನ್ನು ನಾನು ಮರೆತಿರಲಿಲ್ಲ. ಆದರೆ ಅದು ಬೇರೆ, ಲಾಜಿನ ಆಣೆ ಬೇರೆ ಎಂದುಕೊಂಡೇ ಇಷ್ಟು ವರ್ಷ ಬದುಕಿದೆ. ಊರು ಕಟ್ಟಿದ ಕತೆಯನ್ನು ಅಪ್ಪ ಒಡೆಯಲಿಲ್ಲ. ಒಡೆದಿದ್ದರೆ ಮಗು ಹೇಗೆ ಬಿತ್ತು, ಹತ್ತಿರ ಯಾರಿದ್ದರು ಎಂದು ಆಯಿ ಕೇಳುತ್ತಿದ್ದಳು. ಅವಳ ಬಾಯಿಂದ ಬರಬೇಕಾದ ಆ ಒಂದು ಪ್ರಶ್ನೆಗೆ ಅಡ್ಡವಾಗಿ ಅಪ್ಪ ನಲವತ್ತಾರು ವರ್ಷ ನಿಂತ.

ಜೆರಾಕ್ಸ್ ಮಾಡಿಸಿದ ಪುಟಗಳು ವಾರವಿಡೀ ನನ್ನ ಚೀಲದಲ್ಲೇ ಇದ್ದವು. ಎರಡನೆಯ ಪುಟ ಮಾತ್ರ ಓದಿ ಹೇಳಿದರೆ ಸಾಕಲ್ಲ ಎಂದುಕೊಂಡೆ. ಅಪ್ಪನ ಹೆಸರೂ ತೊಳೆಯುತ್ತದೆ, ನನ್ನ ಮಾತೂ ಉಳಿಯುತ್ತದೆ. ಹಾಗೆಯೇ ಒಂದು ಬೆಳಿಗ್ಗೆ ಆಯಿಯ ಮಂಚದ ಹತ್ತಿರ ಕೂತು ಚರ್ಮದ ಕತೆ ಓದಿ ಹೇಳಿದೆ. ಮಾದೇವಿ ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು.

ಆಯಿ ಮನೆಯ ಮಾಡಿನ ಕಡೆ ಕಣ್ಣು ತಿರುಗಿಸಿದಳು. "ಮಗೂಗೆ ಹೊದಿಸೂಕೆ ಕೊಟ್ಟದ್ದಾ ಅದು?" ಎಂದಳು.

"ಹೌದು ಆಯಿ."

"ನಾನು ಒಲೆಗೆ ಹಾಕ್ದೆ."

"ನಿಂಗೆ ಗೊತ್ತಿರ್ಲಿಲ್ಲ."

"ಹಾಂಗಾರೆ ಮಾತು ಕೊಟ್ಟಾಗದೆ ಅಂದ್ರಲ್ಲ. ಎಂತಾ ಮಾತು ಅದು? ಅವ್ರು ಕೊಟ್ಟದ್ದಾದ್ರೂ ಯಾರಿಗೆ?"

ಮುಪ್ಪಿನಲ್ಲಿ ಆಯಿಯ ಕಿವಿ ಮಂದವಾಗಿದೆ, ಬುದ್ಧಿ ಆಗಿಲ್ಲ. ಗೊತ್ತಿಲ್ಲ ಎನ್ನಬಹುದಿತ್ತು. ಅಪ್ಪ ಇದ್ದಿದ್ದರೆ ಹಾಗೇ ಅನ್ನು ಎನ್ನುತ್ತಿದ್ದ.

"ನಂಗೆ ಆಯಿ" ಎಂದೆ. "ನಾನಿದ್ದೆ ಅಲ್ಲಿ. ಹೊಂಡದ ಬದಿಗೆ ಕೂತ್ಕಂಡು ಓದ್ತಿದ್ದೆ. ಗಣು ಕರೆದಾ, ನಾನು ತಲೆ ಎತ್ಲಿಲ್ಲ."

ಆಯಿ ನನ್ನನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡೆ, ಬೈಯಲಿ ಎಂದು ಆಸೆಯೂ ಆಯಿತು. ಅವಳು ಮೆಲ್ಲಗೆ ಗೋಡೆಯ ಕಡೆ ಮಗ್ಗುಲಾದಳು.

ಮಧ್ಯಾಹ್ನ ಗಂಜಿಯ ಬಟ್ಟಲು ಹಿಡಿದು ಹೋದೆ. ಮಾದೇವಿ ಆಯಿಯನ್ನು ಎಬ್ಬಿಸಿ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದಳು. ನಾನು ಚಮಚೆ ಬಾಯಿಯ ಹತ್ತಿರ ತಂದೆ. ಆಯಿ ಬಾಯಿ ತೆರೆಯಲಿಲ್ಲ. ನನ್ನ ಭುಜದ ಮೇಲಿಂದ ಹಿಂದಕ್ಕೆ ನೋಡಿ ಹೇಳಿದಳು.

"ಮಾದೇವಿ, ಅಕ್ಕೋರಿಗೆ ಹೇಳು, ನಂಗೆ ಗಂಜಿ ಬೇಡ."

ಮಾದೇವಿ ಏನೂ ಅರ್ಥವಾಗದೆ ನನ್ನ ಮುಖ ನೋಡಿದಳು. ನನಗೆ ಈ ಕೆಲಸದ ರೀತಿ ಚೆನ್ನಾಗಿ ಗೊತ್ತು, ಒಂಬತ್ತನೇ ವಯಸ್ಸಿನಿಂದ ಮಾಡಿದವಳು. ಚಮಚೆಯನ್ನು ಬಟ್ಟಲಿಗೆ ಇಳಿಸಿ ಕಾಯ್ದೆ.

"ಅಕ್ಕೋರೇ, ಅವ್ರಿಗೆ ಗಂಜಿ ಬೇಡಂತೆ" ಎಂದಳು ಕೊನೆಗೆ.

"ಆಯಿಗೆ ಹೇಳು ಮಾದೇವಿ" ಎಂದೆ, "ಎರಡು ಚಮಚೆ ಆದ್ರೂ ಕುಡೀಬೇಕು."